ಕೈಯಲ್ಲಿ ತಿರುಗುವ ಯಂತ್ರಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯ ಉಪಕರಣ ಪೆಟ್ಟಿಗೆಯ ಬಗ್ಗೆ ಈ ಅಂಕಣದಲ್ಲಿ ಬರೆದಾಗ, ಕೊಯ್ಯಲು, ತೇಯಲು ಬಳಸುವ ಮಿನಿ ಗ್ರೈಂಡರ್ ಹಾಗೂ ನಾಲ್ಕಿಂಚಿನ ಗ್ರೈಂಡರ್‌ಗಳ ವಿಷಯವನ್ನು "ಎಚ್ಚರಿಕೆಯಿಂದ ಬಳಸಬೇಕು" ಎಂಬ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಎಚ್ಚರಿಕೆಯೆಂದರೆ ಏನು ಮಾಡಬೇಕು, ಏನನ್ನು ಮಾಡಬಾರದು ಎಂದು ಕೇಳಿ ಬೆಂಗಳೂರಿನ ಓದುಗರು ಬರೆದಿದ್ದಾರೆ. ಅವರ ಆಕ್ಷೇಪ ನ್ಯಾಯವಾದದ್ದೇ. ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ತೆಂಗಿನ ಚಿಪ್ಪಿನಲ್ಲಿ ಓಲೆ, ಪದಕಗಳನ್ನು ಮಾಡುವುದು ನನ್ನ ಹವ್ಯಾಸ. ಇದಕ್ಕಾಗಿ ಪೆನ್ನಿನಂತೆ ಹಿಡಿಯುವ ಮಿನಿ ಗ್ರೈಂಡರ್ ಕೊಂಡಿದ್ದೇನೆ. ಅದರ ಜೊತೆಗೆ ಬಂದ ತೆಳುವಾದ ಕಟಿಂಗ್ ವೀಲ್‌ಗಳು ವಾರಕ್ಕೆ ಎರಡಾದರೂ ಮುರಿಯುತ್ತವೆ. ಮೊನ್ನೆ ಒಂದು ಚೂರು ಹಾರಿ ನನ್ನ ಕನ್ನಡಕದ ಗಾಜಿಗೆ ತಗುಲಿತು. ವೀಲ್‌ನ ಗುಣಮಟ್ಟ ಸರಿಯಿಲ್ಲವೇ, ಅಥವಾ ತಪ್ಪು ನನ್ನದೇ?
— ಓದುಗರು, ಬಸವನಗುಡಿ

ಉತ್ತರ: ಅಗ್ಗದ ವೀಲ್‌ಗಳು ಬೇಗ ಮುರಿಯುವುದು ನಿಜ. ಆದರೆ ವಾರಕ್ಕೆ ಎರಡು ಮುರಿಯುತ್ತಿವೆಯೆಂದರೆ ವೀಲ್‌ಗೆ ಆಗದ ಕೆಲಸವನ್ನು ಅದರಿಂದ ಮಾಡಿಸುತ್ತಿದ್ದೀರಿ ಎಂದೇ ನನ್ನ ಊಹೆ.

ಮೊದಲು ವೇಗದ ಲೆಕ್ಕವನ್ನು ನೋಡೋಣ. ಈ ಬಗೆಯ ಯಂತ್ರಗಳಲ್ಲಿ ಹಲವು ನಿಮಿಷಕ್ಕೆ 35,000 ಸುತ್ತಿನವರೆಗೆ ತಿರುಗುತ್ತವೆ. ನಿಮ್ಮ ವೀಲ್ ಸಾಮಾನ್ಯ ಅಳತೆಯದಾದರೆ ಅದರ ವ್ಯಾಸ 24 ಮಿಲಿಮೀಟರ್, ಅಂದರೆ ರೂಪಾಯಿ ನಾಣ್ಯದ ಆಸುಪಾಸಿನದು. ಆ ವೇಗದಲ್ಲಿ ಅದರ ಅಂಚು ಸೆಕೆಂಡಿಗೆ ಸುಮಾರು 44 ಮೀಟರ್, ಎಂದರೆ ಗಂಟೆಗೆ 158 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದೇ ಯಂತ್ರಕ್ಕೆ 38 ಮಿಲಿಮೀಟರಿನ ವೀಲ್ ಹಾಕಿದರೆ ಅಂಚಿನ ವೇಗ ಗಂಟೆಗೆ 250 ಕಿಲೋಮೀಟರ್ ಆಗುತ್ತದೆ. ಮುರಿದ ಚೂರು ಹೊರಡುವುದು ಇದೇ ವೇಗದಲ್ಲಿ. ಯಂತ್ರ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದೆಂದು ನಾವು ಸಲಿಗೆ ತೋರಿಸುತ್ತೇವೆ. ಅದರ ಅಂಚಿಗೆ ಆ ಸಲಿಗೆಯ ಪರಿವೆಯಿಲ್ಲ.

ಇನ್ನು ಮುರಿಯುವ ಕಾರಣಕ್ಕೆ ಬರೋಣ. ನೀವು ಚಿಪ್ಪನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಯಂತ್ರದಿಂದ ಕೊಯ್ಯುತ್ತೀರಿ ಎಂದುಕೊಳ್ಳುತ್ತೇನೆ. ಚಿಪ್ಪು ಗುಂಡಗಿರುವುದರಿಂದ ಬೆರಳುಗಳ ನಡುವೆ ಕೂದಲೆಳೆಯಷ್ಟು ಹೊರಳಿದರೂ, ಕೊಯ್ದ ಸೀಳಿನೊಳಗಿರುವ ವೀಲ್‌ಗೆ ಪಕ್ಕದಿಂದ ಒತ್ತಡ ಬೀಳುತ್ತದೆ. ಅರ್ಧ ಅಥವಾ ಒಂದು ಮಿಲಿಮೀಟರ್ ದಪ್ಪದ ಈ ವೀಲ್ ಅಂಚಿನಿಂದ ಬರುವ ಒತ್ತಡವನ್ನು ತಡೆಯಬಲ್ಲದೇ ಹೊರತು ಪಕ್ಕದ ಒತ್ತಡವನ್ನಲ್ಲ, ಹಪ್ಪಳದಂತೆ ಚೂರಾಗುತ್ತದೆ. ನೇರವಾಗಿ ಆರಂಭಿಸಿದ ಸೀಳನ್ನು ನಡುವೆ ಬಾಗಿಸಿ ತಿರುವು ತೆಗೆಯಲು ಹೋದರೂ, ವೀಲ್‌ನ ಮೈಯಿಂದ ಉಜ್ಜಿ ನುಣುಪು ಮಾಡಲು ಹೋದರೂ ಆಗುವುದು ಇದೇ. ಆದ್ದರಿಂದ ಚಿಪ್ಪನ್ನು ಕೈಯಲ್ಲಿ ಹಿಡಿಯಬೇಡಿ. ಹಲಗೆಯ ತುಂಡಿನಲ್ಲಿ ಚಿಪ್ಪಿನ ಬೆನ್ನು ಕೂರುವಂತೆ ಒಂದು ಗುಳಿ ತೋಡಿ, ಮೇಲೆ ಹಳೆಯ ಬಟ್ಟೆ ಹಾಸಿ, ಚಿಪ್ಪನ್ನು ಕ್ಲಾಂಪಿನಿಂದ ಬಿಗಿಯಿರಿ. ಆಗ ಯಂತ್ರವನ್ನು ಎರಡೂ ಕೈಯಿಂದ ಹಿಡಿಯಲು ಸಾಧ್ಯವಾಗುತ್ತದೆ, ಎಡಗೈ ವೀಲ್‌ನ ದಾರಿಯಲ್ಲೂ ಇರುವುದಿಲ್ಲ.

ನನ್ನನ್ನು ಕೇಳಿದರೆ, ಚಿಪ್ಪನ್ನು ಒರಟಾಗಿ ತುಂಡು ಮಾಡಲು ಈ ವೀಲ್ ಬೇಡವೇ ಬೇಡ. ಅದು ಮುಖ್ಯವಾಗಿ ಮೊಳೆ, ಸ್ಕ್ರೂ, ತಗಡಿನಂಥ ಲೋಹಕ್ಕೆಂದು ಮಾಡಿದ್ದು; ಚಿಪ್ಪಿನಲ್ಲಿ ಅದರ ಕಣಗಳ ನಡುವೆ ಪುಡಿ ಮೆತ್ತಿಕೊಂಡು, ಕೊಯ್ಯುವ ಬದಲು ಸುಡತೊಡಗುತ್ತದೆ. ಕರಕಲು ವಾಸನೆ ಬರುತ್ತಿದ್ದರೆ ಕಾರಣ ಅದೇ. ಆಗ ನಾವು ಇನ್ನಷ್ಟು ಒತ್ತುತ್ತೇವೆ, ಅದು ಇನ್ನಷ್ಟು ಬೇಗ ಮುರಿಯುತ್ತದೆ. ಹ್ಯಾಕ್ಸಾ ಬ್ಲೇಡಿನಿಂದ ಆಕಾರ ಕೊಯ್ದುಕೊಂಡು, ಅಂಚು ತಿದ್ದಲು ಮಾತ್ರ ಯಂತ್ರಕ್ಕೆ ಮರಳುಕಾಗದ ಸುತ್ತಿದ ಸ್ಯಾಂಡಿಂಗ್ ಡ್ರಮ್ ಹಾಕಿ. ಯಂತ್ರದ ದನಿಯನ್ನು ಆಲಿಸುತ್ತಿರಿ: ಒಂದೇ ಶ್ರುತಿಯಲ್ಲಿ ಹಾಡುತ್ತಿದ್ದ ದನಿ ಇಳಿದು ನರಳಿದಂತಾದರೆ ಒತ್ತಡ ಹೆಚ್ಚಾಗಿದೆ ಎಂದು ಅರ್ಥ. ಸುತ್ತು ಕಡಿಮೆಯಾದರೆ ಒಳಗಿನ ಫ್ಯಾನಿನ ಗಾಳಿಯೂ ಕಡಿಮೆಯಾಗಿ ಮೋಟಾರು ಕಾಯುತ್ತದೆ.

ಬಿಡಿಭಾಗದ ಪೊಟ್ಟಣದ ಮೇಲೆ ಅದರ ಗರಿಷ್ಠ ಸುತ್ತನ್ನು ಮುದ್ರಿಸಿರುತ್ತಾರೆ. ಯಂತ್ರದ ವೇಗ ಅದನ್ನು ಮೀರಬಾರದು. ತಂತಿಯ ಬ್ರಷ್‌ಗಳಿಗೆ ಈ ಮಿತಿ ಸಾಮಾನ್ಯವಾಗಿ 15,000 ಮಾತ್ರ. 35,000ಕ್ಕೆ ಏರಿಸಿದರೆ ತಂತಿಯ ಎಳೆಗಳು ಸೂಜಿಗಳಂತೆ ಕಿತ್ತು ಹಾರಿ, ಬಟ್ಟೆಯನ್ನೂ ತೂರಿ ಚರ್ಮಕ್ಕೆ ಚುಚ್ಚಿಕೊಳ್ಳುತ್ತವೆ. ಹೊಸದಾಗಿ ಏನನ್ನೇ ಸಿಕ್ಕಿಸಿದರೂ ಮುಖದಿಂದ ದೂರ ಹಿಡಿದು ಒಂದು ನಿಮಿಷ ಬರಿದೇ ಓಡಿಸಿ. ದೋಷವಿರುವ ವೀಲ್ ಸಾಮಾನ್ಯವಾಗಿ ಆಗಲೇ ಮುರಿಯುತ್ತದೆ. ಬಿಟ್‌ನ ಕಡ್ಡಿಯನ್ನು, ಅದನ್ನು ಕಚ್ಚಿ ಹಿಡಿಯುವ ಕಾಲೆಟ್‌ನೊಳಗೆ ಸಾಕಷ್ಟು ಆಳಕ್ಕೆ ಇಳಿಸಿ ಬಿಗಿಯಿರಿ, ಏಕೆಂದರೆ ಉದ್ದಕ್ಕೆ ಹೊರಚಾಚಿದ ಕಡ್ಡಿ ಹೆಚ್ಚಿನ ವೇಗದಲ್ಲಿ ಬಾಗಿ ಚಾಟಿಯಂತೆ ಬೀಸುತ್ತದೆ.

ನಿಮ್ಮ ಕನ್ನಡಕ ಈ ಸಲ ಕಾಪಾಡಿತು, ಸಂತೋಷ. ಆದರೆ ಓದುವ ಕನ್ನಡಕ ರಕ್ಷಣೆಯ ಕನ್ನಡಕವಲ್ಲ. ಅದಕ್ಕೆ ಪಕ್ಕದ ಮರೆಯಿಲ್ಲ. ಅದರ ಮೇಲೆಯೇ ಧರಿಸಬಹುದಾದ ರಕ್ಷಣಾ ಕನ್ನಡಕಗಳು ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ಐಎಸ್ 5983 ಎಂಬ ಗುರುತಿದೆಯೇ ಎಂದು ನೋಡಿ ಕೊಳ್ಳಿ.

ಪ್ರಶ್ನೆ: ನಮ್ಮ ಮನೆಯ ಮರಗೆಲಸಕ್ಕೆ ಬಂದಿರುವ ಬಡಗಿ ನಾಲ್ಕಿಂಚಿನ ಗ್ರೈಂಡರಿನ ಗಾರ್ಡ್ (ವೀಲ್‌ನ ಮೇಲಿನ ಮರೆ) ಕಳಚಿಟ್ಟು, ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿಕೊಂಡು ಕೆಲಸ ಮಾಡುತ್ತಾರೆ. ಕೇಳಿದರೆ, "ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಿದೀನಿ ಸಾರ್, ಏನೂ ಆಗಲ್ಲ" ಎನ್ನುತ್ತಾರೆ. ನಾನು ಸುಮ್ಮನಿರಬೇಕೇ?
— ಓದುಗರು, ಯಲಹಂಕ

ಉತ್ತರ: ಸುಮ್ಮನಿರಬೇಡಿ. ಈ ಪತ್ರಗಳಲ್ಲೆಲ್ಲ ನನಗೆ ಅತಿ ಹೆಚ್ಚು ಕಳವಳ ತಂದದ್ದು ನಿಮ್ಮದು.

ಗ್ರೈಂಡರಿನ ಸವೆಯುವ ವೀಲ್ ಲೋಹವನ್ನು ಕಣಕಣವಾಗಿ ತೇಯುತ್ತದೆ. ಹಲ್ಲಿನ ಬ್ಲೇಡ್ ಮರವನ್ನು ಕಚ್ಚಿ ಕೀಳುತ್ತದೆ. ಮರದಲ್ಲಿ ಗಂಟು ಸಿಕ್ಕಿದರೆ, ಅಥವಾ ಕೊಯ್ದ ಸೀಳು ಹಲಗೆಯ ಭಾರಕ್ಕೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿದುಕೊಂಡರೆ, ತಿರುಗಲಾಗದ ಬ್ಲೇಡ್ ತನ್ನ ಶಕ್ತಿಯನ್ನೆಲ್ಲ ಯಂತ್ರದ ಮೈಗೆ ವರ್ಗಾಯಿಸುತ್ತದೆ. ಕಚ್ಚಿಕೊಂಡ ಜಾಗದಲ್ಲಿ ಬ್ಲೇಡ್ ಯಾವ ದಿಕ್ಕಿಗೆ ಓಡುತ್ತಿತ್ತೋ ಅದರ ವಿರುದ್ಧ ದಿಕ್ಕಿಗೆ ಇಡೀ ಯಂತ್ರ ಎಗರುತ್ತದೆ. ಕೆಲಸಗಾರರು ಇದನ್ನು "ಮಿಷನ್ ಒದೆಯಿತು" ಎನ್ನುತ್ತಾರೆ, ಇದಕ್ಕಿಂತ ಸರಿಯಾದ ಮಾತು ನನಗೆ ಗೊತ್ತಿಲ್ಲ. ನಿಮಿಷಕ್ಕೆ 11,000 ಸುತ್ತೆಂದರೆ ಸೆಕೆಂಡಿಗೆ 183 ಸುತ್ತು. ಒದೆತ ಬಿದ್ದದ್ದು ಅರಿವಿಗೆ ಬಂದು ಕೈ ಪ್ರತಿಕ್ರಿಯಿಸಲು ಸೆಕೆಂಡಿನ ಐದನೇ ಒಂದು ಭಾಗ ಹಿಡಿಯಿತೆಂದು ಇಟ್ಟುಕೊಂಡರೂ, ಅಷ್ಟರಲ್ಲಿ ಆ ವೇಗದ ಬ್ಲೇಡ್ ಮೂವತ್ತಾರು ಸುತ್ತು ತಿರುಗಬಲ್ಲದು. ಇಪ್ಪತ್ತು ವರ್ಷದ ಕೈಚಳಕವೂ ಆ ಮೂವತ್ತಾರು ಸುತ್ತಿನ ನಡುವೆ ನುಸುಳಲಾರದು. ಅಂಥ ಗಳಿಗೆಯಲ್ಲಿ ಕೈಗೂ ಬ್ಲೇಡಿಗೂ ನಡುವೆ ಇರಬೇಕಾದದ್ದು ಗಾರ್ಡ್ ಒಂದೇ, ಅದನ್ನೇ ಅವರು ಬಿಚ್ಚಿ ಮೂಲೆಯಲ್ಲಿಟ್ಟಿದ್ದಾರೆ.

ಕೆಲವರು ಗಾರ್ಡ್ ಬಿಚ್ಚುವುದು ದೊಡ್ಡ ವೀಲ್ ಹಾಕುವ ಆಸೆಯಿಂದ. ನಾಲ್ಕಿಂಚಿನ ಯಂತ್ರಕ್ಕೆ ವಾಷರ್ ಕೊಟ್ಟು ಏಳಿಂಚಿನ, ಅಂದರೆ 180 ಮಿಲಿಮೀಟರಿನ ವೀಲ್ ಕೂರಿಸುವವರನ್ನು ನಾನು ಕಂಡಿದ್ದೇನೆ. ಸಾಮಾನ್ಯ ಕಟಿಂಗ್ ವೀಲ್‌ನ ಅಂಚಿಗೆ ನಿಗದಿಯಾದ ಮಿತಿ ಸೆಕೆಂಡಿಗೆ 80 ಮೀಟರ್. 100 ಮಿಲಿಮೀಟರಿನ ವೀಲ್ 11,000 ಸುತ್ತಿನಲ್ಲಿ 58 ಮೀಟರ್ ವೇಗದಲ್ಲಿರುತ್ತದೆ, ಮಿತಿಯೊಳಗೇ ಇದೆ. ಆದರೆ 180 ಮಿಲಿಮೀಟರಿನ ವೀಲ್ ಅದೇ ಸುತ್ತಿನಲ್ಲಿ 100 ಮೀಟರನ್ನು ದಾಟುತ್ತದೆ. ಅದರ ಮೇಲೆ 8,500 ಸುತ್ತು ಎಂದು ಬರೆದಿರುವುದು ಅಲಂಕಾರಕ್ಕಲ್ಲ. ಅದನ್ನು ಮೀರಿದರೆ ವೀಲ್ ತನ್ನ ಸೆಳೆತಕ್ಕೆ ತಾನೇ ಸಿಡಿಯಬಹುದು.

ಮರಕ್ಕೆ ಸರಿಯಾದ ಯಂತ್ರ ಸರ್ಕ್ಯುಲರ್ ಸಾ. ಅದರ ಕೆಳಗಾರ್ಡ್ ಸ್ಪ್ರಿಂಗ್ ಬಲದಿಂದ ತಾನಾಗಿ ಮುಚ್ಚಿಕೊಳ್ಳುತ್ತದೆ. ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕುವ ಪದ್ಧತಿಯೂ ನಮ್ಮಲ್ಲಿದೆ. ತಟ್ಟೆಯಂಥ ತಳ ಇರುವುದರಿಂದ ಅದು ಗ್ರೈಂಡರಿಗಿಂತ ಕೊಂಚ ಮೇಲು ಎನ್ನಬಹುದಾದರೂ, ಬ್ಲೇಡಿನ ಕೆಳಭಾಗ ಬಯಲಾಗಿಯೇ ಇರುತ್ತದೆ. ಬಡಗಿಗೆ ಎದುರು ವಾದ ಹೂಡಿದರೆ ಅವರಿಗೆ ಅವಮಾನವಾದೀತು. "ನಮ್ಮ ಮನೆಯ ಕೆಲಸ ಮುಗಿಯುವವರೆಗೆ ಬಾಡಿಗೆಗೆ ಸರ್ಕ್ಯುಲರ್ ಸಾ ತನ್ನಿ, ಬಾಡಿಗೆ ನಾನು ಕೊಡುತ್ತೇನೆ" ಎಂದು ಹೇಳಿ ನೋಡಿ.

ಮತ್ತೊಂದು ವಿಷಯ. ಈ ಗ್ರೈಂಡರ್‌ಗಳಲ್ಲಿ ಹಲವಕ್ಕೆ ಮುಂದೆ ತಳ್ಳಿದರೆ ಚಾಲೂ ಸ್ಥಿತಿಯಲ್ಲೇ ಉಳಿಯುವ ಸ್ವಿಚ್ ಇರುತ್ತದೆ. ಕೆಲಸದ ನಡುವೆ ಕರೆಂಟ್ ಹೋಗುತ್ತದೆ, ಯಂತ್ರವನ್ನು ನೆಲಕ್ಕಿಟ್ಟು ಎಲ್ಲರೂ ಕಾಫಿಗೆ ಹೋಗುತ್ತಾರೆ, ಕರೆಂಟ್ ಬಂದೊಡನೆ ಆ ಯಂತ್ರ ಯಾರೂ ಮುಟ್ಟದೆಯೇ ನೆಲದ ಮೇಲೆ ಕುಣಿಯತೊಡಗುತ್ತದೆ. ಕರೆಂಟ್ ಹೋದ ಕೂಡಲೇ ಪ್ಲಗ್ ಕೀಳುವ ರೂಢಿಯನ್ನು ನಿಮ್ಮ ಮನೆಯಲ್ಲಾದರೂ ಕಡ್ಡಾಯ ಮಾಡಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಅಲ್ಲಿಂದ ಒಂದು ರೋಟರಿ ಟೂಲ್ (ಮಿನಿ ಗ್ರೈಂಡರ್) ತಂದುಕೊಟ್ಟಿದ್ದಾನೆ. ಪಿನ್ ಬದಲಾಯಿಸುವ ಅಡಾಪ್ಟರ್ ಹಾಕಿ ಇಲ್ಲಿ ಬಳಸಬಹುದೇ?
— ಓದುಗರು, ಜಯನಗರ

ಉತ್ತರ: ಬಳಸಬೇಡಿ. ಆ ಅಡಾಪ್ಟರ್ ಬದಲಾಯಿಸುವುದು ಪಿನ್ನಿನ ಆಕಾರವನ್ನಷ್ಟೇ. ವೋಲ್ಟೇಜ್ ಹಾಗೆಯೇ ಇರುತ್ತದೆ. ಯಂತ್ರದ ಮೈಮೇಲಿನ ಚೀಟಿಯಲ್ಲಿ 120 ವೋಲ್ಟ್ ಎಂದಿದ್ದರೆ, ನಮ್ಮ 230 ವೋಲ್ಟಿಗೆ ಕೊಟ್ಟೊಡನೆ ಅದು ಸುಟ್ಟು ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸುಡುವುದಕ್ಕಿಂತ ಮೊದಲು ಆಗುವುದು ಹೆಚ್ಚು ಅಪಾಯಕರ. ಕಾರ್ಬನ್ ಬ್ರಷ್ ಇರುವ ಈ ಮೋಟಾರುಗಳ ವೇಗ ವೋಲ್ಟೇಜ್ ಏರಿದಂತೆ ಏರುತ್ತದೆ. ಮೋಟಾರು ಸಾಯುವ ಮುನ್ನ ಕೆಲವು ಗಳಿಗೆ ತನ್ನ ಮಿತಿಯನ್ನು ಬಹಳವಾಗಿ ಮೀರಿ ತಿರುಗಬಲ್ಲದು. ಆಗ ಅದರ ತುದಿಯಲ್ಲಿ ಒಂದು ವೀಲ್ ಇದ್ದರೆ ಏನಾದೀತೆಂದು ಮೊದಲ ಉತ್ತರದಿಂದಲೇ ಊಹಿಸಿಕೊಳ್ಳಬಹುದು.

230ರಿಂದ 110 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಯಂತ್ರ 130 ವ್ಯಾಟಿನದಾದರೆ 300 ವ್ಯಾಟಿನದನ್ನು ಕೊಳ್ಳಿ. ಅಲ್ಲಿಯ 60 ಹರ್ಟ್ಸ್‌ಗೂ ಇಲ್ಲಿಯ 50 ಹರ್ಟ್ಸ್‌ಗೂ ಇರುವ ವ್ಯತ್ಯಾಸದಿಂದ ಈ ಮೋಟಾರಿಗೆ ತೊಂದರೆಯಿಲ್ಲ. ಬ್ಯಾಟರಿಯ ಯಂತ್ರವಾದರೆ ಚಾರ್ಜರಿನ ಮೇಲೆ 100–240 ವೋಲ್ಟ್ ಎಂದಿದೆಯೇ ನೋಡಿ. ಇದ್ದರೆ ನಿಮ್ಮ ಅಡಾಪ್ಟರೇ ಸಾಕು.

ಪ್ರಶ್ನೆ: ಗ್ಲೌಸ್ ಹಾಕಬೇಕೇ, ಬೇಡವೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಓದುಗರು, ವಿಜಯನಗರ

ಉತ್ತರ: ಇಬ್ಬರೂ ಸರಿಯೇ, ಯಂತ್ರ ಬೇರೆ ಬೇರೆ. ಗಾರ್ಡ್ ಇರುವ, ಎರಡು ಕೈಯಿಂದ ಹಿಡಿಯುವ ಗ್ರೈಂಡರಿಗೆ ಮೈಗೆ ಅಂಟಿದಂತೆ ಕೂರುವ ಚರ್ಮದ ಗ್ಲೌಸ್ ಒಳ್ಳೆಯದು. ಬೆರಳ ತುದಿಯಿಂದ ಅಂಗುಲದ ದೂರದಲ್ಲಿ ಬಿಟ್ ತಿರುಗುವ ಮಿನಿ ಗ್ರೈಂಡರಿಗೆ ಸಡಿಲವಾದ ಹತ್ತಿ ಗ್ಲೌಸ್ ಹಾಕಿದರೆ, ಅದರ ಒಂದು ನೂಲು ಸಿಕ್ಕಿಕೊಂಡು ಬೆರಳನ್ನೇ ಎಳೆದುಕೊಳ್ಳುತ್ತದೆ. ದುಪಟ್ಟಾ, ಸಡಿಲ ತೋಳು, ಕತ್ತಿನ ಸರ, ಕಟ್ಟದ ಜಡೆ, ಪಂಚೆಯ ಅಂಚು ಎಲ್ಲಕ್ಕೂ ಇದೇ ಮಾತು. ಆಯುಧಪೂಜೆಯ ಮರುದಿನ ವಿಶೇಷವಾಗಿ ನೋಡಿ: ಯಂತ್ರಕ್ಕೆ ಸುತ್ತಿದ ಹೂವನ್ನು ತೆಗೆದಿರುತ್ತೇವೆ, ಬಾಳೆನಾರು ಮಾತ್ರ ಸ್ಪಿಂಡಲಿಗೆ ಸುತ್ತಿಕೊಂಡೇ ಇರುತ್ತದೆ.

ಪ್ರಶ್ನೆ: ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ಹೊಸ ಸಿಂಕ್‌ಗಾಗಿ ಜಾಗ ಕೊಯ್ಯಿಸಬೇಕು. ಮನೆಯೆಲ್ಲ ಧೂಳಾಗುತ್ತದೆ ಎಂಬ ಚಿಂತೆ. ಏನು ಮಾಡಬಹುದು?
— ಓದುಗರು, ವೈಟ್‌ಫೀಲ್ಡ್

ಉತ್ತರ: ಧೂಳಿನಿಂದ ಮನೆ ಹೊಲಸಾಗುವುದು ಚಿಕ್ಕ ತೊಂದರೆ. ಗ್ರಾನೈಟಿನಲ್ಲಿ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. ಒಣಗಿದ್ದಂತೆ ಕೊಯ್ದಾಗ ಅದು ಕಣ್ಣಿಗೆ ಕಾಣದಷ್ಟು ನಯವಾದ ಪುಡಿಯಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಇಳಿದದ್ದು ಹೊರಬರುವುದಿಲ್ಲ. ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆಗೆ ಇದೇ ಮೂಲ. ಈಗ ಜನಪ್ರಿಯವಾಗಿರುವ ಕೃತಕ ಕ್ವಾರ್ಟ್ಜ್ ಹಾಸುಗಳಲ್ಲಿ ಸಿಲಿಕಾ ಶೇಕಡಾ 90ಕ್ಕೂ ಹೆಚ್ಚಿರಬಹುದು. ಈ ಕಾರಣಕ್ಕಾಗಿಯೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಹಾಸುಗಳನ್ನು ನಿಷೇಧಿಸಿದೆ. ಒಂದು ದಿನದ ಕೆಲಸದಿಂದ ನಿಮಗೆ ಆಗುವ ಹಾನಿ ಅಲ್ಪವೇ ಇರಬಹುದು, ಆದರೆ ಕೊಯ್ಯಲು ಬರುವವರು ದಿನವೂ ಇದನ್ನೇ ಕುಡಿಯುತ್ತಾರೆ.

ಕಲ್ಲನ್ನು ಇನ್ನೂ ಹಾಸಿಲ್ಲವಾದರೆ ಅಳತೆ ಕೊಟ್ಟು ಅಂಗಡಿಯಲ್ಲೇ, ಇಲ್ಲವೇ ಜಿಗಣಿಯ ಕಡೆಯ ಕಲ್ಲಿನ ಕಾರ್ಖಾನೆಯಲ್ಲೇ ನೀರು ಹರಿಸುತ್ತ ಕೊಯ್ಯಿಸಿ ತನ್ನಿ. ಹಾಸಿಯಾಗಿದ್ದರೆ ನೀರಿನ ಕೊಳವೆಯಿರುವ ಮಾರ್ಬಲ್ ಕಟರ್ ಬಳಸುವವರನ್ನೇ ಕರೆಯಿರಿ. ಸಾಮಾನ್ಯ ಗ್ರೈಂಡರಿನ ಮೇಲೆ ಇನ್ನೊಬ್ಬರು ಬಾಟಲಿಯಿಂದ ನೀರು ಸುರಿಯುವ ಪದ್ಧತಿಗೆ ಒಪ್ಪಬೇಡಿ. ಅದರ ಮೋಟಾರು ನೀರಿಗೆಂದು ಮಾಡಿದ್ದಲ್ಲ. ನೀರು ಮತ್ತು ಕರೆಂಟ್ ಒಟ್ಟಿಗಿರುವ ಈ ಕೆಲಸಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ತಾನಾಗಿ ಕಡಿತಗೊಳಿಸುವ ಸ್ವಿಚ್) ಇರುವ ಸಾಕೆಟ್ಟೇ ಬೇಕು. ಶುರು ಮಾಡುವ ಮುನ್ನ ಅದರ ಪರೀಕ್ಷೆಯ ಗುಂಡಿ ಒತ್ತಿ, ಕರೆಂಟ್ ಕಡಿತವಾಗುತ್ತದೆಯೇ ಎಂದು ನೋಡಿಕೊಳ್ಳಿ. ಕರವಸ್ತ್ರ ಕಟ್ಟಿಕೊಳ್ಳುವುದು ಸಿಲಿಕಾಕ್ಕೆ ತಡೆಯೇ ಅಲ್ಲ, ಎನ್95 ಮಾಸ್ಕ್ ಬೇಕು. ಮುಗಿದ ಮೇಲೆ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಿಂದ ಒರೆಸಿ.

ಪ್ರಶ್ನೆ: ಮನೆಯ ಗೇಟ್ ಕೆಲಸ ಮಾಡುವಾಗ ನನ್ನ ತಮ್ಮನ ಕಣ್ಣಿಗೆ ಗ್ರೈಂಡರಿನ ಕಿಡಿ ಬಿತ್ತು. ನೋವು ಹೆಚ್ಚಿರಲಿಲ್ಲವೆಂದು ಸುಮ್ಮನಾದೆವು. ರಾತ್ರಿ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕಿತ್ತು?
— ಓದುಗರು, ಪೀಣ್ಯ

ಉತ್ತರ: ಯೌವನದಲ್ಲಿ ನನಗೂ ಇದೇ ಆಗಿತ್ತು. ಆಗ ನಾನು ಕೆಲಸಕ್ಕಿದ್ದ ವರ್ಕ್‌ಶಾಪಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ತೆಗೆಯುವುದರಲ್ಲಿ ನಿಪುಣರೆನಿಸಿಕೊಂಡ ಹಿರಿಯರೊಬ್ಬರಿದ್ದರು. ಅವರು ನನ್ನ ರೆಪ್ಪೆಯನ್ನು ಮಡಚಿ, ಕರವಸ್ತ್ರದ ತುದಿಯನ್ನು ಎಂಜಲಿನಲ್ಲಿ ನೆನೆಸಿ ಹೊಸೆದು, ಎರಡು ಮೂರು ಸಲ ಸವರಿ "ಹೋಯ್ತು" ಎಂದರು. ಹೋಗಿರಲಿಲ್ಲ. ಮರುದಿನ ವೈದ್ಯರು ನೋಡಿದಾಗ ಕರಿಗುಡ್ಡೆಯ ಮೇಲೆ ಚೂರಿನ ಸುತ್ತ ತುಕ್ಕಿನ ಉಂಗುರ ಕಟ್ಟಿಕೊಂಡಿತ್ತು, ಸವರಿದ ಕಡೆಯೆಲ್ಲ ಗೀರಾಗಿತ್ತು. ಕಬ್ಬಿಣದ ಚೂರು ಕಣ್ಣಿನ ತೇವದಲ್ಲಿ ಕೆಲವು ಗಂಟೆಗಳಲ್ಲೇ ತುಕ್ಕು ಹಿಡಿಯಲು ಶುರುವಾಗುತ್ತದೆ.

ಕಣ್ಣನ್ನು ಉಜ್ಜಬಾರದು. ಬರೀ ಧೂಳಾದರೆ ಶುದ್ಧ ನೀರಿನಿಂದ ಧಾರಾಳವಾಗಿ ತೊಳೆದು ನೋಡಬಹುದು. ಆದರೆ ವೇಗವಾಗಿ ಹಾರಿಬಂದ ಲೋಹ ಅಥವಾ ವೀಲ್‌ನ ಚೂರು ತಗುಲಿದೆ ಎನ್ನಿಸಿದರೆ ತೊಳೆಯುವುದೂ ಬೇಡ, ಕೀಳುವುದೂ ಬೇಡ, ಎದೆಹಾಲು, ಹರಳೆಣ್ಣೆಗಳ ಉಪಚಾರವೂ ಬೇಡ. ಕಣ್ಣಿಗೆ ತಾಗದಂತೆ ಒಂದು ಕಾಗದದ ಲೋಟವನ್ನು ಬೋರಲಾಗಿ ಇಟ್ಟು, ಒತ್ತಡ ಬೀಳದ ಹಾಗೆ ಅಂಟಿಸಿ ಕೂಡಲೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಚಾಮರಾಜಪೇಟೆಯ ಮಿಂಟೊ ಸರ್ಕಾರಿ ಕಣ್ಣಿನ ಆಸ್ಪತ್ರೆಯಾಗಲಿ, ಹತ್ತಿರದ ಬೇರೆ ಕಣ್ಣಾಸ್ಪತ್ರೆಯಾಗಲಿ, ಬೆಳಗಾಗಲೆಂದು ಕಾಯಬಾರದು. ನೋವಿಲ್ಲವೆಂದು ಸಮಾಧಾನಪಡುವುದು ಸರಿಯಲ್ಲ, ಏಕೆಂದರೆ ಸಣ್ಣ ಚೂರು ಗುಡ್ಡೆಯನ್ನು ತೂರಿ ಒಳಸೇರಿದಾಗ ನೋವು ಬಹಳ ಕಡಿಮೆ ಇರಬಹುದು. ಗ್ರೈಂಡರ್ ಕೆಲಸದಲ್ಲಿ ಆದದ್ದೆಂದು ವೈದ್ಯರಿಗೆ ಮೊದಲೇ ಹೇಳಿ. ಒಳಗೆ ಕಬ್ಬಿಣವಿರುವ ಸಂಶಯವಿದ್ದಾಗ ಎಂಆರ್‌ಐ ಮಾಡುವಂತಿಲ್ಲ. ಅದರ ಅಯಸ್ಕಾಂತ ಚೂರನ್ನು ಕಣ್ಣೊಳಗೇ ಸರಿಸಿಬಿಡುತ್ತದೆ.

ನಿಮ್ಮ ತಮ್ಮನನ್ನು ಇನ್ನೂ ತೋರಿಸಿಲ್ಲವಾದರೆ ಇಂದೇ ತೋರಿಸಿ. ಮುಂದೆ ಇಂಥ ಕೆಲಸಕ್ಕೆ ಪಾರದರ್ಶಕ ಮುಖಕವಚ ಹಾಕಿದರೂ ಅದರ ಒಳಗೆ ರಕ್ಷಣಾ ಕನ್ನಡಕ ಇರಲೇಬೇಕು. ಕವಚದ ಕೆಳಗಿನಿಂದ ಕಿಡಿ ನುಗ್ಗುವುದು ಅಪರೂಪವಲ್ಲ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ರಾತ್ರಿ ಕೆಲಸ ಮಾಡಿದರೆ ನೆರೆಯವರು ಜಗಳಕ್ಕೆ ಬರುತ್ತಾರೆ. ಅವರಿಗೆ ಹಾಗೆ ಹೇಳುವ ಹಕ್ಕಿದೆಯೇ?
— ಓದುಗರು, ಬನ್ನೇರುಘಟ್ಟ ರಸ್ತೆ

ಉತ್ತರ: ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್, ಹಗಲಿನಲ್ಲಿ 55. ಗ್ರೈಂಡರಿನ ಸದ್ದು ಈ ಎರಡೂ ಮಿತಿಗಳನ್ನು ಬಹಳವಾಗಿ ಮೀರುತ್ತದೆ. ನಿಮ್ಮ ಕಿವಿಗೇ ಪ್ಲಗ್ ಬೇಕು. ಬಾಲ್ಕನಿಯ ಕಿಡಿ ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಬೀಳುವ ವಿಷಯವನ್ನೂ ಯೋಚಿಸಿ.

ಪ್ರಶ್ನೆ: ಕಟಿಂಗ್ ವೀಲ್‌ಗೂ ಔಷಧಿಯಂತೆ ಅವಧಿ ಮುಗಿಯುತ್ತದೆ ಎಂದು ಒಬ್ಬರು ಹೇಳಿದರು. ನಂಬಬಹುದೇ?
— ಓದುಗರು, ಮಲ್ಲೇಶ್ವರ

ಉತ್ತರ: ನಂಬಬೇಕು. ಗ್ರೈಂಡರಿನ ತೆಳು ವೀಲ್‌ಗಳಲ್ಲಿ ಕಣಗಳನ್ನು ಹಿಡಿದಿಟ್ಟಿರುವುದು ರಾಳದಂಥ ಅಂಟು. ಅದು ತೇವ ಹೀರಿಕೊಂಡು ಕಾಲಕ್ರಮೇಣ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಅವುಗಳಿಗೆ ತಯಾರಾದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದ ಅವಧಿ ಕೊಟ್ಟು, ನಡುವಿನ ತಗಡಿನ ಉಂಗುರದ ಮೇಲೆ ತಿಂಗಳು, ವರ್ಷಗಳನ್ನು ಅಚ್ಚೊತ್ತಿರುತ್ತಾರೆ. ಅಂಗಡಿಯವರು ತಂತಿಗೆ ಪೋಣಿಸಿ ಬಾಗಿಲಲ್ಲಿ ನೇತುಹಾಕಿದ, ಮಳೆಯ ಎರಚಲು ತಿಂದ ವೀಲ್ ಬೇಡ. ಮನೆಯಲ್ಲಿ ಅವನ್ನು ಒಣ ಡಬ್ಬಿಯಲ್ಲಿ ಮಲಗಿಸಿ ಇಡಿ, ನೆಲಕ್ಕೆ ಬಿದ್ದದ್ದನ್ನು ಬಿರುಕು ಕಾಣದಿದ್ದರೂ ಬಳಸಬೇಡಿ. ಅವಧಿ ಮುಗಿದದ್ದನ್ನು ಹಾಗೆಯೇ ಕಸಕ್ಕೆ ಹಾಕಿದರೆ ಯಾರಾದರೂ ಆಯ್ದು ಮತ್ತೆ ಯಂತ್ರಕ್ಕೆ ಹಾಕಿಯಾರು. ಕನ್ನಡಕ ಧರಿಸಿ, ಗೋಣಿಚೀಲದಲ್ಲಿ ಸುತ್ತಿ, ಸುತ್ತಿಗೆಯಿಂದ ಎರಡಾಗಿ ಒಡೆದು ಎಸೆಯಿರಿ.